ಆಲ್ಫ್ ಕಾಮನ್ ಮತ್ತು ಸಾವಿರ ಪೌಂಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಹಳೆಯ ಫುಟ್‌ಬಾಲ್ ಬಗ್ಗೆ ಮಾತು ಬಂದಾಗಲೆಲ್ಲ ಆಲ್ಫ್ ಕಾಮನ್ ಹೆಸರಿನ ಜೊತೆ ಒಂದೇ ಒಂದು ಅಂಕಿ ಓಡಾಡುತ್ತದೆ: 1000 ಪೌಂಡ್. ಆ ಅಂಕಿಯ ಹಿಂದೆ ಆರು ಸಲ ಕ್ಲಬ್ ಸೇರಿದ, ಹದಿನಾಲ್ಕು ವರ್ಷ ದುಡಿದ ಆಟಗಾರನೊಬ್ಬನಿದ್ದಾನೆ. ಅವನನ್ನು ಕೊಳ್ಳುವ, ಮಾರುವ, ಹಿಡಿದಿಟ್ಟುಕೊಳ್ಳುವ ಒಂದು ವ್ಯವಸ್ಥೆಯೂ ಇದೆ. ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಸರಳವಾದವುಗಳಿಂದ ಆರಂಭಿಸಿ ಇಲ್ಲಿ ಜೋಡಿಸಿದ್ದೇವೆ.

## ಮೊದಲು ಆಟಗಾರನ ಪರಿಚಯ

ಆಲ್ಫ್ ಕಾಮನ್ ಅಂದ್ರೆ ಯಾರು? ಇವತ್ತಿಗೂ ಯಾಕೆ ಅವರ ಹೆಸರು ಕೇಳಿಬರುತ್ತೆ?

ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಸಂಡರ್‌ಲ್ಯಾಂಡ್ ಪಟ್ಟಣದ ಮಿಲ್‌ಫೀಲ್ಡ್‌ನಲ್ಲಿ 1880ರ ಮೇ 25ರಂದು ಹುಟ್ಟಿದ ಫಾರ್ವರ್ಡ್ ಆಟಗಾರ, ಅಂದರೆ ಮುಂದಿನ ಸಾಲಿನಲ್ಲಿ ಗೋಲು ಹೊಡೆಯುವವ. 1905ರ ಫೆಬ್ರುವರಿಯಲ್ಲಿ ಮಿಡಲ್ಸ್‌ಬ್ರೊ ಕ್ಲಬ್ ಅವರನ್ನು ಸಂಡರ್‌ಲ್ಯಾಂಡ್‌ನಿಂದ 1000 ಪೌಂಡ್ ಕೊಟ್ಟು ತಂದಿತು. ಒಬ್ಬ ಆಟಗಾರನಿಗಾಗಿ ನಾಲ್ಕಂಕಿಯ ಮೊತ್ತ ಕೈ ಬದಲಿಸಿದ್ದು ಅದೇ ಮೊದಲು. ಹಿಂದಿನ ವರ್ಷವಷ್ಟೇ ಇದೇ ಸಂಡರ್‌ಲ್ಯಾಂಡ್ ತನ್ನ ಬ್ಯಾಕ್ (ಗೋಲು ಕಾಯುವ ಹಿಂದಿನ ಸಾಲಿನ) ಆಟಗಾರ ಆಂಡಿ ಮೆಕ್‌ಕಾಂಬಿಯನ್ನು 700 ಪೌಂಡ್‌ಗೆ ನ್ಯೂಕ್ಯಾಸಲ್‌ಗೆ ಬಿಟ್ಟುಕೊಟ್ಟಿತ್ತು. 1893ರಲ್ಲಿ ವಿಲ್ಲಿ ಗ್ರೋವ್ಸ್‌ಗೆ ಆಸ್ಟನ್ ವಿಲಾ ಕೊಟ್ಟದ್ದು 100 ಪೌಂಡ್. ಅಂದರೆ ಹನ್ನೆರಡು ವರ್ಷದಲ್ಲಿ ಬೆಲೆ ಹತ್ತು ಪಟ್ಟಾಯಿತು. ಕಾಮನ್ ದಾಖಲೆ ಬಹುಕಾಲ ನಿಲ್ಲಲೂ ಇಲ್ಲ. 1913ರಲ್ಲಿ ಡ್ಯಾನಿ ಶೇ ವೆಸ್ಟ್ ಹ್ಯಾಮ್‌ನಿಂದ ಬ್ಲ್ಯಾಕ್‌ಬರ್ನ್‌ಗೆ ಹೋದಾಗ ಮೊತ್ತ 2000 ಪೌಂಡ್ ಮುಟ್ಟಿತ್ತು.

ಯಾವ ಯಾವ ಕ್ಲಬ್‌ಗೆ ಯಾವಾಗ ಆಡಿದರು? ಕ್ರಮವಾಗಿ ಹೇಳ್ತೀರಾ?

ಜಾರೋ ಮುಂತಾದ ಊರಿನ ಸುತ್ತಲಿನ ಸಣ್ಣ ತಂಡಗಳಲ್ಲಿ ಆಡಿ 1900ರಲ್ಲಿ ಸಂಡರ್‌ಲ್ಯಾಂಡ್ ಸೇರಿದರು. ಆ ಋತುವಿನಲ್ಲಿ (ಒಂದು ವರ್ಷದ ಲೀಗ್ ಪಂದ್ಯಗಳ ಅವಧಿ) ಸಂಡರ್‌ಲ್ಯಾಂಡ್ ಲೀಗ್‌ನ ಮೇಲಿನ ಹಂತವಾದ ಮೊದಲ ಡಿವಿಷನ್‌ನಲ್ಲಿ ಎರಡನೇ ಸ್ಥಾನ ಪಡೆಯಿತು. 1901ರಲ್ಲಿ 325 ಪೌಂಡ್‌ಗೆ ಶೆಫೀಲ್ಡ್ ಯುನೈಟೆಡ್. ಅಲ್ಲಿ ಮೂರು ಋತು. 1904ರ ಬೇಸಿಗೆಯಲ್ಲಿ 520 ಪೌಂಡ್‌ಗೆ ಮತ್ತೆ ಸಂಡರ್‌ಲ್ಯಾಂಡ್. ಒಂದು ಋತುವೂ ಮುಗಿಯುವ ಮೊದಲೇ, 1905ರ ಫೆಬ್ರುವರಿಯಲ್ಲಿ, ಮಿಡಲ್ಸ್‌ಬ್ರೊ. ಅವರ ಬದುಕಿನ ದೊಡ್ಡ ಪಾಲು ಕಳೆದದ್ದು ಅಲ್ಲೇ: ಲೀಗ್‌ನಲ್ಲಿ 168 ಪಂದ್ಯ, 58 ಗೋಲು. 1910ರಲ್ಲಿ 100 ಪೌಂಡ್‌ಗೆ ವುಲಿಚ್ ಆರ್ಸೆನಲ್ (ಆಗ ಆ ಕ್ಲಬ್ ಇದ್ದದ್ದು ಥೇಮ್ಸ್ ನದಿಯ ದಕ್ಷಿಣಕ್ಕಿರುವ ಪ್ಲಮ್‌ಸ್ಟೆಡ್‌ನಲ್ಲಿ), ಅಲ್ಲಿ ಲೀಗ್‌ನಲ್ಲಿ 77 ಪಂದ್ಯ, 23 ಗೋಲು. 1912ರ ಡಿಸೆಂಬರ್‌ನಲ್ಲಿ 250 ಪೌಂಡ್‌ಗೆ ಪ್ರೆಸ್ಟನ್ ನಾರ್ತ್ ಎಂಡ್. ಆ ಋತುವಿನಲ್ಲಿ ಪ್ರೆಸ್ಟನ್ ಎರಡನೇ ಡಿವಿಷನ್ ಗೆದ್ದು ಮೇಲೇರಿತು. 1914ರಲ್ಲಿ ನಿವೃತ್ತಿ.

ಈ ಮೊತ್ತಗಳ ಏರಿಳಿತ ಗಮನಿಸಿ: 325, 520, 1000, ಆಮೇಲೆ 100, ಮತ್ತೆ 250. ಮೂವತ್ತು ದಾಟಿದ ಫಾರ್ವರ್ಡ್‌ನ ಬೆಲೆ ಹತ್ತನೇ ಒಂದಕ್ಕೆ ಇಳಿದಿತ್ತು. ಅಂಥ ವಯಸ್ಸಿನಲ್ಲೂ ಎರಡೂವರೆ ವರ್ಷದ ನಂತರ ಕೊಂಡದ್ದಕ್ಕಿಂತ ಹೆಚ್ಚಿಗೆ ಮಾರಿಕೊಳ್ಳಲು ಆರ್ಸೆನಲ್‌ಗೆ ಸಾಧ್ಯವಾಯಿತು ಎಂದರೆ, ಅವರು ಅಲ್ಲಿ ಚೆನ್ನಾಗಿಯೇ ಆಡಿದ್ದರು.

ಮೈದಾನದಲ್ಲಿ ಅವರ ಜಾಗ ಯಾವುದು? ಆಟ ಹೇಗಿತ್ತು?

ಇನ್‌ಸೈಡ್ ರೈಟ್ ಅಥವಾ ಸೆಂಟರ್ ಫಾರ್ವರ್ಡ್. ಆಗಿನ ತಂಡ ನಿಲ್ಲುತ್ತಿದ್ದ ಕ್ರಮ: ಗೋಲ್‌ಕೀಪರ್ ಮುಂದೆ ಇಬ್ಬರು ಬ್ಯಾಕ್, ಅವರ ಮುಂದೆ ಮೂವರು ಹಾಫ್‌ಬ್ಯಾಕ್, ಅವರ ಮುಂದೆ ಐವರು ಫಾರ್ವರ್ಡ್. ಇನ್‌ಸೈಡ್ ರೈಟ್ ಎಂದರೆ ಬಲ ವಿಂಗ್ ಆಟಗಾರನಿಗೂ ಸೆಂಟರ್ ಫಾರ್ವರ್ಡ್‌ಗೂ ನಡುವಿನವ. ಹಾಫ್‌ಬ್ಯಾಕ್‌ನಿಂದ ಚೆಂಡು ಪಡೆದು ವಿಂಗ್‌ಗೆ ಕೊಡುವುದು, ವಿಂಗ್‌ನಿಂದ ಬಂದದ್ದನ್ನು ಗೋಲಿಗೆ ಬಾರಿಸುವುದು, ಎರಡೂ ಅವನ ಕೆಲಸ.

ಕಾಮನ್ ಎತ್ತರ 5 ಅಡಿ 8 ಅಂಗುಲ, ತೂಕ ಸುಮಾರು 13 ಸ್ಟೋನ್, ಅಂದರೆ 82 ಕಿಲೋ ಮೇಲೆ. ಎತ್ತರಕ್ಕೆ ಹೋಲಿಸಿದರೆ ದಪ್ಪ ಮೈಕಟ್ಟು. ಇವತ್ತಿನ ಕಣ್ಣಿಗೆ ಇದು ತೂಕ ಹೆಚ್ಚಾದಂತೆ ಕಾಣಬಹುದು. ಆದರೆ ಆಗ ಭುಜದಿಂದ ಗುದ್ದಿ ಎದುರಾಳಿಯನ್ನು ತಳ್ಳುವುದಕ್ಕೆ ನಿಯಮದಲ್ಲಿ ಧಾರಾಳ ಅವಕಾಶವಿತ್ತು. ಚೆಂಡು ಹಿಡಿದ ಗೋಲ್‌ಕೀಪರ್‌ನನ್ನೂ ಹಾಗೆ ತಳ್ಳಬಹುದಿತ್ತು. ಕೆಸರಿನ ಮೈದಾನದಲ್ಲಿ ಇಬ್ಬರು ಬ್ಯಾಕ್‌ಗಳ ನಡುವೆ ಅಲುಗದೆ ನಿಲ್ಲಬಲ್ಲ ಮೈಯೇ ಫಾರ್ವರ್ಡ್‌ನ ಬಂಡವಾಳ.

ಇಂಗ್ಲೆಂಡ್ ತಂಡಕ್ಕೆ ಆಡಿದ್ದಾರಾ?

ಮೂರು ಸಲ. 1904ರ ಫೆಬ್ರುವರಿ 29ರಂದು ರೆಕ್ಸಮ್‌ನಲ್ಲಿ ವೇಲ್ಸ್ ವಿರುದ್ಧ (2–2), ಮುಂದಿನ ತಿಂಗಳು ಬೆಲ್‌ಫಾಸ್ಟ್‌ನಲ್ಲಿ ಐರ್ಲೆಂಡ್ ವಿರುದ್ಧ (3–1), 1906ರ ಮಾರ್ಚ್‌ನಲ್ಲಿ ಕಾರ್ಡಿಫ್‌ನಲ್ಲಿ ಮತ್ತೆ ವೇಲ್ಸ್ ವಿರುದ್ಧ (1–0). ಮೊದಲ ಎರಡರಲ್ಲಿ ಒಂದೊಂದು ಗೋಲು. ಮೂರೇ ಪಂದ್ಯ ಎಂದು ಹಗುರ ಮಾಡಬೇಡಿ. ಆಗ ಇಂಗ್ಲೆಂಡ್ ವರ್ಷಕ್ಕೆ ಸಾಮಾನ್ಯವಾಗಿ ಆಡುತ್ತಿದ್ದದ್ದೇ ಮೂರು: ವೇಲ್ಸ್, ಐರ್ಲೆಂಡ್, ಸ್ಕಾಟ್ಲೆಂಡ್. ಅದೇ ಜಾಗಕ್ಕೆ ಸ್ಟೀವ್ ಬ್ಲೂಮರ್ ಇದ್ದರು. 23 ಪಂದ್ಯಗಳಲ್ಲಿ 28 ಗೋಲು ಹೊಡೆದ ಆಟಗಾರನನ್ನು ಸರಿಸಿ ನಿಲ್ಲುವುದು ಸುಲಭವಲ್ಲ. 1906ರಲ್ಲಿ ಬ್ಲೂಮರ್ ಕೂಡ ಮಿಡಲ್ಸ್‌ಬ್ರೊಗೇ ಬಂದರು, ಇಬ್ಬರೂ ಒಂದೇ ಸಾಲಿನಲ್ಲಿ ಆಡಿದರು.

ದೊಡ್ಡ ಪ್ರಶಸ್ತಿ ಏನಾದರೂ ಗೆದ್ದರಾ?

1902ರ ಎಫ್‌ಎ ಕಪ್, ಶೆಫೀಲ್ಡ್ ಯುನೈಟೆಡ್ ಜೊತೆ. (ಎಫ್‌ಎ ಅಂದರೆ ಫುಟ್‌ಬಾಲ್ ಅಸೋಸಿಯೇಷನ್, ಇಂಗ್ಲೆಂಡಿನಲ್ಲಿ ಆಟವನ್ನು ನಿಯಂತ್ರಿಸುವ ಸಂಸ್ಥೆ.) ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮೈದಾನದಲ್ಲಿ ಏಪ್ರಿಲ್ 19ರಂದು ಫೈನಲ್. ಎದುರಾಳಿ ಸೌತಾಂಪ್ಟನ್. ಕ್ರಿಕೆಟ್ ಓದುಗರಿಗೆ ಚೆನ್ನಾಗಿ ಗೊತ್ತಿರುವ ಸಿ.ಬಿ. ಫ್ರೈ ಆ ದಿನ ಸೌತಾಂಪ್ಟನ್‌ನ ಬ್ಯಾಕ್ ಆಟಗಾರ. ದ್ವಿತೀಯಾರ್ಧದಲ್ಲಿ ಕಾಮನ್ ಗೋಲು ಹೊಡೆದು ಶೆಫೀಲ್ಡನ್ನು ಮುಂದೆ ತಂದರು. ಪಂದ್ಯ ಮುಗಿಯಲು ಕೆಲವೇ ನಿಮಿಷ ಇದ್ದಾಗ ಹ್ಯಾರಿ ವುಡ್ ಸಮ ಮಾಡಿದರು. ಆ ಗೋಲು ಆಫ್‌ಸೈಡ್ (ನಿಯಮ ಮೀರಿ ಎದುರಾಳಿಯ ಗೋಲಿಗೆ ಹತ್ತಿರ ನಿಂತು ಚೆಂಡು ಪಡೆದದ್ದು) ಎಂದು ಶೆಫೀಲ್ಡ್ ವಾದಿಸಿತು, ಭಾರೀ ಮೈಯ ಗೋಲ್‌ಕೀಪರ್ ಬಿಲ್ಲಿ ಫೌಕ್ ಅಂತೂ ಕೆಂಡವಾದರು. 1–1. ಒಂದು ವಾರದ ನಂತರ ಅದೇ ಮೈದಾನದಲ್ಲಿ ಮರುಪಂದ್ಯ, ಶೆಫೀಲ್ಡ್ 2–1. ಆಗ ಕಾಮನ್‌ಗೆ ಇನ್ನೂ 22 ತುಂಬಿರಲಿಲ್ಲ.

## ಸಾವಿರ ಪೌಂಡಿನ ಲೆಕ್ಕ

ಐಪಿಎಲ್ ಹರಾಜಿನ ಥರ ಆ ಸಾವಿರ ಪೌಂಡ್ ಆಟಗಾರನಿಗೇ ಸಿಕ್ಕಿತಲ್ವಾ?

ಇಲ್ಲ. ಅತಿ ಹೆಚ್ಚು ಜನ ತಪ್ಪು ತಿಳಿಯುವುದು ಇಲ್ಲೇ. ಐಪಿಎಲ್‌ನಲ್ಲಿ ಕೂಗಿದ ಮೊತ್ತ ಆಟಗಾರನ ಸಂಭಾವನೆ. 1905ರ ಸಾವಿರ ಪೌಂಡ್ ಮಿಡಲ್ಸ್‌ಬ್ರೊ ಖಜಾನೆಯಿಂದ ಸಂಡರ್‌ಲ್ಯಾಂಡ್ ಖಜಾನೆಗೆ ಹೋಯಿತು. ಆಟಗಾರನ ನೋಂದಣಿ, ಅಂದರೆ ಲೀಗ್‌ನಲ್ಲಿ ಅವನನ್ನು ಆಡಿಸುವ ಹಕ್ಕು, ಒಂದು ಕ್ಲಬ್‌ನಿಂದ ಇನ್ನೊಂದಕ್ಕೆ ದಾಟಿದ್ದಕ್ಕೆ ಕೊಟ್ಟ ಬೆಲೆ ಅದು. ನಿಯಮದ ಪ್ರಕಾರ ಕಾಮನ್ ಕೈಗೆ ಬರಬಹುದಾಗಿದ್ದದ್ದು ಎರಡೇ ಬಾಬ್ತು: ಸಹಿ ಹಾಕಿದ್ದಕ್ಕೆ ಗರಿಷ್ಠ 10 ಪೌಂಡ್, ವಾರಕ್ಕೆ ಗರಿಷ್ಠ 4 ಪೌಂಡ್ ಸಂಬಳ. ಜಗತ್ತಿನ ಅತಿ ದುಬಾರಿ ಆಟಗಾರನಿಗೂ ಪಕ್ಕದಲ್ಲಿ ಆಡುವ ಹಾಫ್‌ಬ್ಯಾಕ್‌ಗೂ ಮಿತಿ ಒಂದೇ. ಕಾಮನ್ ಬಗ್ಗೆ ಒಂದೇ ಸಂಗತಿ ನೆನಪಿಟ್ಟುಕೊಳ್ಳುವುದಿದ್ದರೆ ಇದನ್ನು ನೆನಪಿಟ್ಟುಕೊಳ್ಳಿ ಎಂಬುದು ನಮ್ಮ ಕೋರಿಕೆ.

ಸಾವಿರ ಪೌಂಡ್ ಅಂದ್ರೆ ಆ ಕಾಲಕ್ಕೆ ಎಷ್ಟು ದೊಡ್ಡ ದುಡ್ಡು? ನಮ್ಮ ರೂಪಾಯಿಯಲ್ಲಿ ಹೇಳಿ.

ಆಗ ರೂಪಾಯಿಯ ದರ 1 ಶಿಲಿಂಗ್ 4 ಪೆನ್ಸ್. ಒಂದು ಪೌಂಡ್‌ಗೆ 20 ಶಿಲಿಂಗ್, ಒಂದು ಶಿಲಿಂಗ್‌ಗೆ 12 ಪೆನ್ಸ್. ಹಾಗಾಗಿ ಒಂದು ಪೌಂಡ್ ಅಂದರೆ 15 ರೂಪಾಯಿ. ಸಾವಿರ ಪೌಂಡ್ ಅಂದರೆ ಅಂದಿನ 15,000 ರೂಪಾಯಿ.

ಇವತ್ತಿನ ಬೆಲೆಗೆ ತಂದರೆ ಎಷ್ಟು ಎಂದು ಕೇಳುವವರೇ ಹೆಚ್ಚು. ಸಾಮಾನು ಬೆಲೆಯ ಸೂಚ್ಯಂಕದಿಂದ ಗುಣಿಸಿದರೆ ಒಂದು ಲಕ್ಷ ಪೌಂಡ್ ದಾಟುತ್ತದೆ, ಕೂಲಿ ಏರಿಕೆಯಿಂದ ಗುಣಿಸಿದರೆ ಇನ್ನೂ ಹಲವು ಪಟ್ಟು. ಎರಡೂ ಉತ್ತರ ಅಷ್ಟು ಪ್ರಯೋಜನಕ್ಕೆ ಬರುವುದಿಲ್ಲ. ಆ ಕಾಲದ ಒಳಗಿನಿಂದಲೇ ಅಳೆದು ನೋಡಿ. ವಾರಕ್ಕೆ 4 ಪೌಂಡ್ ಲೆಕ್ಕದಲ್ಲಿ ಸಾವಿರ ಪೌಂಡ್ ಅಂದರೆ 250 ವಾರದ ಸಂಬಳ, ಐದು ವರ್ಷಕ್ಕೆ ಸ್ವಲ್ಪವೇ ಕಡಿಮೆ. ಇನ್ನೊಂದು ಅಳತೆ ಕ್ಲಬ್ ಕಡೆಯಿಂದ: ಲೀಗ್ ಪಂದ್ಯಕ್ಕೆ ಕನಿಷ್ಠ ಟಿಕೆಟ್ 6 ಪೆನ್ಸ್. ಸಾವಿರ ಪೌಂಡ್‌ಗೆ 2,40,000 ಪೆನ್ಸ್. ಅಷ್ಟು ಹಣ ಸೇರಬೇಕಾದರೆ 40,000 ಜನ ಗೇಟಿನಲ್ಲಿ ಆರು ಪೆನ್ಸ್ ಕೊಟ್ಟು ಒಳಗೆ ಬರಬೇಕು.

ಮಿಡಲ್ಸ್‌ಬ್ರೊ ಯಾಕೆ ಅಷ್ಟು ಕೊಟ್ಟಿತು? ಕೊಟ್ಟ ದುಡ್ಡು ದಕ್ಕಿತಾ?

ಟೀಸ್ ನದಿಯ ದಡದ ಕಬ್ಬಿಣದ ಊರು ಮಿಡಲ್ಸ್‌ಬ್ರೊ. ಕ್ಲಬ್ ಲೀಗ್ ಸೇರಿದ್ದು 1899ರಲ್ಲಿ, ಮೊದಲ ಡಿವಿಷನ್ ಏರಿದ್ದು 1902ರಲ್ಲಿ, ಹೊಸ ಏರ್ಸಮ್ ಪಾರ್ಕ್ ಮೈದಾನಕ್ಕೆ ಬಂದದ್ದು 1903ರಲ್ಲಿ. ಹೊಸ ಮೈದಾನ ಕಟ್ಟಿಕೊಂಡ ಕ್ಲಬ್ ಕೆಳಗಿನ ಡಿವಿಷನ್‌ಗೆ ಬಿದ್ದರೆ ಗೇಟಿನ ಹಣ ಕುಸಿಯುತ್ತದೆ, ಸಾಲ ಮಾತ್ರ ಹಾಗೇ ಉಳಿಯುತ್ತದೆ. 1905ರ ಫೆಬ್ರುವರಿಯಲ್ಲಿ ತಂಡ ಪಟ್ಟಿಯ ತಳದಲ್ಲಿತ್ತು. ಪರ ಊರಿನಲ್ಲಿ ಗೆದ್ದು ಹೆಚ್ಚುಕಡಿಮೆ ಎರಡು ವರ್ಷವಾಗಿತ್ತು. ನಿರ್ದೇಶಕರು ಭಯದಿಂದ ಕೊಂಡರು. ಅಂಥ ಖರೀದಿಗೆ ಬೆಲೆ ಏರುವುದು ಸಹಜ.

ಫಲ ಸಿಕ್ಕಿತು: ಋತುವಿನ ಕೊನೆಗೆ 18 ತಂಡಗಳಲ್ಲಿ 15ನೇ ಸ್ಥಾನ, ಪಾರಾದರು. ಆದರೆ ಇಲ್ಲೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಆ ಬೇಸಿಗೆಯಲ್ಲಿ ಲೀಗ್ ಮೊದಲ ಡಿವಿಷನ್ನನ್ನು 18ರಿಂದ 20 ತಂಡಕ್ಕೆ ಹಿಗ್ಗಿಸಿತು. ಕೊನೆಯ ಎರಡು ಸ್ಥಾನದಲ್ಲಿದ್ದ ಬರಿ (Bury) ಮತ್ತು ನಾಟ್ಸ್ ಕೌಂಟಿ ಕ್ಲಬ್‌ಗಳು ಮತದಾನದ ಮೂಲಕ ಅಲ್ಲೇ ಉಳಿದವು. ಆ ವರ್ಷ ಯಾರೂ ಕೆಳಗಿಳಿಯಲಿಲ್ಲ. ಫೆಬ್ರುವರಿಯಲ್ಲಿ ಹಣ ಎಣಿಸುತ್ತಿದ್ದವರಿಗೆ ಇದು ಗೊತ್ತಿರಲು ಸಾಧ್ಯವಿರಲಿಲ್ಲ, ಹಾಗಾಗಿ ಅವರ ನಿರ್ಧಾರವನ್ನು ಈ ತಿಳಿವಳಿಕೆಯಿಂದ ತೂಗುವುದು ನ್ಯಾಯವಲ್ಲ. ನಿಜವಾದ ಪ್ರತಿಫಲ ಮುಂದಿನ ಋತುವಿನದು. 1905–06ರಲ್ಲಿ ಮಿಡಲ್ಸ್‌ಬ್ರೊ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸಮ ಅಂಕದಲ್ಲಿ ಮುಗಿಸಿದವು. ಗೋಲು ಸರಾಸರಿಯ ಮೇಲೆ ಮಿಡಲ್ಸ್‌ಬ್ರೊ ಉಳಿಯಿತು, ಫಾರೆಸ್ಟ್ ಇಳಿಯಿತು. ಹೊಡೆದ ಗೋಲನ್ನು ಬಿಟ್ಟ ಗೋಲಿನಿಂದ ಭಾಗಿಸುವುದೇ ಗೋಲು ಸರಾಸರಿ (ಇವತ್ತಿನಂತೆ ಕಳೆಯುವುದಲ್ಲ). ಅಷ್ಟು ಸೂಕ್ಷ್ಮ ಅಂತರದಲ್ಲಿ ಗೋಲು ಹೊಡೆಯುವ ಒಬ್ಬ ಫಾರ್ವರ್ಡ್‌ನ ತೂಕ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಪಂದ್ಯದಲ್ಲೇ ಪೆನಾಲ್ಟಿ ಹೊಡೆದು ಗೆಲ್ಲಿಸಿದ್ದು ನಿಜವಾ?

ನಿಜ. 1905ರ ಫೆಬ್ರುವರಿ 25, ಶೆಫೀಲ್ಡ್‌ನ ಬ್ರ್ಯಾಮಲ್ ಲೇನ್. ಎದುರಾಳಿ ಕಾಮನ್ ಅವರ ಹಳೆಯ ಕ್ಲಬ್ ಶೆಫೀಲ್ಡ್ ಯುನೈಟೆಡ್. 1–0, ಆ ಒಂದು ಗೋಲು ಕಾಮನ್ ಅವರ ಪೆನಾಲ್ಟಿ. ಪರ ಊರಿನ ಗೆಲುವಿನ ಬರ ಅಲ್ಲಿಗೆ ಮುಗಿಯಿತು.

ಆ ಪೆನಾಲ್ಟಿಯನ್ನು ಇಂದಿನ ಪೆನಾಲ್ಟಿಯಂತೆ ಕಲ್ಪಿಸಿಕೊಳ್ಳಬೇಡಿ. ಚೆಂಡು ಇಡುವ ಜಾಗ ಗೋಲಿನಿಂದ 12 ಗಜ ದೂರದ ಗುರುತು; 1902ರಲ್ಲಿ ಅದನ್ನೂ 18 ಗಜದ ಆಯತವನ್ನೂ ಎಳೆದಾಗಿತ್ತು. ಆದರೆ ಗೋಲ್‌ಕೀಪರ್ ಗೆರೆಯ ಮೇಲೆ ನಿಲ್ಲಬೇಕೆಂಬ ನಿಯಮ ಬಂದದ್ದು 1905ರ ಬೇಸಿಗೆಯಲ್ಲಿ. ಫೆಬ್ರುವರಿಯಲ್ಲಿ ಇನ್ನೂ ಗೋಲ್‌ಕೀಪರ್ ಆರು ಗಜದ ಪೆಟ್ಟಿಗೆಯ ಅಂಚಿನವರೆಗೆ ಮುಂದೆ ಬರಬಹುದಿತ್ತು. ಒದೆಯುವವನಿಗೂ ಅವನಿಗೂ ನಡುವೆ ಉಳಿಯುತ್ತಿದ್ದದ್ದು ಆರೇ ಗಜ, ಅಂದರೆ ಐದೂವರೆ ಮೀಟರ್. ಗೋಲಿನ ಬಾಯಿ ಅರ್ಧಕ್ಕರ್ಧ ಮುಚ್ಚಿದಂತೆ ಕಾಣುತ್ತಿತ್ತು.

ಈ ವರ್ಗಾವಣೆಗೆ ಅಷ್ಟು ವಿರೋಧ ಯಾಕೆ ಬಂತು? ಎಫ್‌ಎ ಸುಮ್ಮನಿತ್ತಾ?

ಕ್ರೀಡೆಯನ್ನು ಸಜ್ಜನರ ಹವ್ಯಾಸವೆಂದು ನಂಬಿದವರಿಗೆ ಮನುಷ್ಯನನ್ನು ಬೆಲೆ ಕಟ್ಟಿ ಮಾರುವುದು ಅಸಹ್ಯವಾಗಿ ಕಂಡಿತು. ಸಣ್ಣ ಕ್ಲಬ್‌ಗಳ ಸಿಟ್ಟಿಗೆ ಬೇರೆ ಕಾರಣ: ಹಣವಿದ್ದ ಕ್ಲಬ್ ಸಂಕಟದಲ್ಲಿದ್ದಾಗ ಋತುವಿನ ನಡುವೆಯೇ ಆಟಗಾರನನ್ನು ತಂದು ಪಾರಾಗಬಹುದಾದರೆ ಲೀಗ್ ಪಟ್ಟಿಗೆ ಅರ್ಥವೇನು ಎಂಬುದು. ಎರಡನೇ ಆಕ್ಷೇಪಣೆಯಲ್ಲಿ ಹುರುಳಿದೆ.

ಎಫ್‌ಎ 1908ರ ಜನವರಿಯಲ್ಲಿ ಒಬ್ಬ ಆಟಗಾರನಿಗೆ 350 ಪೌಂಡ್ ಮೀರಬಾರದೆಂಬ ಮಿತಿ ತಂದಿತು. ಕೆಲವೇ ತಿಂಗಳಲ್ಲಿ ಅದು ಬಿದ್ದುಹೋಯಿತು. ಕ್ಲಬ್‌ಗಳು ಕಂಡುಕೊಂಡ ದಾರಿ ಸರಳ. ಬೇಕಾದ ಆಟಗಾರನಿಗೆ 350 ಪೌಂಡ್ ಬರೆದು, ಅವನ ಜೊತೆಗೆ ಬೇಡವಾದ ಒಬ್ಬಿಬ್ಬರನ್ನೂ ಅದೇ ಬೆಲೆಗೆ ಕೊಂಡಂತೆ ತೋರಿಸುವುದು. ಕಾಗದದ ಮೇಲೆ ಎಲ್ಲ ಸರಿ, ಒಟ್ಟು ಮೊತ್ತ ಅದೇ. ಕೊಳ್ಳುವವನಿಗೂ ಮಾರುವವನಿಗೂ ಒಪ್ಪಿಗೆಯಾದ ಬೆಲೆಯನ್ನು ಹೊರಗಿನವರು ತಡೆಯಲು ಹೋದಾಗ ಆಗುವುದೇ ಇದು.

## ಆಟಗಾರನ ಕೈಕಟ್ಟಿದ ನಿಯಮಗಳು

ಸಂಬಳ ಸಾಲದಿದ್ದರೆ ಬಿಟ್ಟು ಬೇರೆ ಕ್ಲಬ್‌ಗೆ ಹೋಗಬಹುದಿತ್ತಲ್ಲ?

ಹೋಗಲಾಗುತ್ತಿರಲಿಲ್ಲ. 1893ರಿಂದ ಫುಟ್‌ಬಾಲ್ ಲೀಗ್‌ನಲ್ಲಿ ನಡೆದುಬಂದ ಪದ್ಧತಿ ಹೀಗಿತ್ತು. ಆಟಗಾರನ ಕರಾರು ಒಂದು ಋತುವಿನದು, ಏಪ್ರಿಲ್ ಕೊನೆಗೆ ಮುಗಿಯುತ್ತದೆ. ಆಗ ಕ್ಲಬ್ ಎರಡು ಪಟ್ಟಿ ಮಾಡಿ ಲೀಗ್‌ಗೆ ಕಳಿಸುತ್ತದೆ: ಉಳಿಸಿಕೊಳ್ಳುವವರು, ಮಾರುವವರು. ಉಳಿಸಿಕೊಳ್ಳುವವರ ಪಟ್ಟಿಯಲ್ಲಿ ಹೆಸರಿದ್ದರೆ ಕ್ಲಬ್ ಹೇಳಿದ ಸಂಬಳಕ್ಕೆ ಸಹಿ ಹಾಕಬೇಕು. ಹಾಕದಿದ್ದರೆ ಕ್ಲಬ್ ಸಂಬಳ ಕೊಡಬೇಕಾಗಿಲ್ಲ, ಆದರೆ ನೋಂದಣಿ ಅದರ ಕೈಯಲ್ಲೇ ಉಳಿಯುತ್ತದೆ. ಬೇರೆ ಯಾವ ಲೀಗ್ ಕ್ಲಬ್ಬೂ ಅವನನ್ನು ಆಡಿಸುವಂತಿಲ್ಲ. ಮಾರುವವರ ಪಟ್ಟಿಯಲ್ಲಿದ್ದವನ ಕಷ್ಟ ಇನ್ನೊಂದು ಬಗೆ: ಕ್ಲಬ್ ಇಟ್ಟ ಬೆಲೆ ಯಾರೂ ಕೊಡದಿದ್ದರೆ ಅವನು ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ಒಂದು ಕಿಂಡಿ ಇತ್ತು. ದಕ್ಷಿಣದ ಸದರ್ನ್ ಲೀಗ್ ಪ್ರತ್ಯೇಕ ಸಂಸ್ಥೆ. ಫುಟ್‌ಬಾಲ್ ಲೀಗ್‌ನ ನೋಂದಣಿ ಅಲ್ಲಿ ನಡೆಯುತ್ತಿರಲಿಲ್ಲ. ಅನೇಕರು ಅಲ್ಲಿಗೆ ಹೋದರು. ಆದರೆ ಹಳೆಯ ಕ್ಲಬ್ ನೋಂದಣಿ ಬಿಟ್ಟಿರುವುದಿಲ್ಲ. ವರ್ಷಗಳ ನಂತರ ಫುಟ್‌ಬಾಲ್ ಲೀಗ್‌ಗೆ ಮರಳಲು ಹೊರಟರೆ ಮತ್ತೆ ಅದೇ ಕ್ಲಬ್‌ನ ಅನುಮತಿ, ಅದೇ ಬೆಲೆ. 1910ರ ಹೊತ್ತಿಗೆ ಎರಡು ಲೀಗ್‌ಗಳು ಪರಸ್ಪರ ನೋಂದಣಿ ಗೌರವಿಸಲು ಒಪ್ಪಿದ ಮೇಲೆ ಆ ಕಿಂಡಿಯೂ ಮುಚ್ಚಿತು.

1912ರಲ್ಲಿ ಹರ್ಬರ್ಟ್ ಕಿಂಗಬಿ ಎಂಬ ಆಟಗಾರ ಆಸ್ಟನ್ ವಿಲಾ ವಿರುದ್ಧ ಇದೇ ಪದ್ಧತಿಯ ಮೇಲೆ ಮೊಕದ್ದಮೆ ಹೂಡಿ ಸೋತರು. ಸಂಬಳದ ಮಿತಿ ಹೋದದ್ದು 1961ರಲ್ಲಿ. ಉಳಿಸಿಕೊಳ್ಳುವ ಪದ್ಧತಿ ಕಾನೂನಿನ ಎದುರು ನಿಲ್ಲಲಾರದು ಎಂದು ಜಾರ್ಜ್ ಈಸ್ಟ್‌ಹ್ಯಾಮ್ ಮೊಕದ್ದಮೆಯಲ್ಲಿ ತೀರ್ಪು ಬಂದದ್ದು 1963ರಲ್ಲಿ.

ವಾರಕ್ಕೆ 4 ಪೌಂಡ್ ಮಿತಿಯನ್ನು ಎಲ್ಲರೂ ಪಾಲಿಸ್ತಿದ್ರಾ? ಮೇಜಿನ ಕೆಳಗೆ ಕೊಡ್ತಿರಲಿಲ್ವಾ?

ಕೊಡುತ್ತಿದ್ದರು, ಸಿಕ್ಕಿಬೀಳುತ್ತಲೂ ಇದ್ದರು. ಮಿತಿ ಜಾರಿಗೆ ಬಂದದ್ದು 1901ರಲ್ಲಿ. ಗೆದ್ದದ್ದಕ್ಕೆ ಬೋನಸ್ ಕೊಡುವುದನ್ನೂ ಅದು ನಿಷೇಧಿಸಿತು. ನುರಿತ ಕುಶಲಕರ್ಮಿಯ ವಾರದ ದುಡಿಮೆ 2 ಪೌಂಡ್ ಆಸುಪಾಸು ಇದ್ದ ಕಾಲದಲ್ಲಿ 4 ಪೌಂಡ್ ಒಳ್ಳೆಯ ಸಂಬಳವೇ. ಎಲ್ಲರಿಗೂ ಅಷ್ಟು ಸಿಗುತ್ತಲೂ ಇರಲಿಲ್ಲ. ತೊಂದರೆ ಮೇಲ್ಮಟ್ಟದವರದ್ದು. ಒಬ್ಬನನ್ನು ಒಲಿಸಿಕೊಳ್ಳಲು ಕ್ಲಬ್‌ಗೆ ಸಂಬಳದ ದಾರಿ ಇಲ್ಲದಿದ್ದಾಗ ಅಂಗಡಿ ಇಡಲು ನೆರವು, ಸಾಲದ ಹೆಸರಿನ ಉಡುಗೊರೆ, ಬೇರೆ ಬಾಬ್ತಿನಲ್ಲಿ ಬರೆದ ಬೋನಸ್ ಹುಟ್ಟಿಕೊಂಡವು.

ಕಾಮನ್ ಕಥೆಯ ಎರಡೂ ಕ್ಲಬ್‌ಗಳು ಇದರಲ್ಲಿ ಸಿಕ್ಕಿಕೊಂಡವು. ಮೊದಲೇ ಹೇಳಿದ ಮೆಕ್‌ಕಾಂಬಿಗೆ ಸಂಡರ್‌ಲ್ಯಾಂಡ್ ವ್ಯಾಪಾರಕ್ಕೆಂದು 100 ಪೌಂಡ್ ಕೊಟ್ಟಿತ್ತು. ಸಾಲ ಎಂದು ಕ್ಲಬ್, ಉಡುಗೊರೆ ಎಂದು ಆಟಗಾರ. ಜಗಳ ಬೀದಿಗೆ ಬಂದಾಗ ಎಫ್‌ಎ ಪುಸ್ತಕಗಳನ್ನು ತರಿಸಿ ನೋಡಿ ನಿರ್ದೇಶಕರನ್ನೂ ಕಾರ್ಯದರ್ಶಿ ಅಲೆಕ್ಸ್ ಮ್ಯಾಕಿಯನ್ನೂ ಅಮಾನತು ಮಾಡಿತು. ಆ ಮ್ಯಾಕಿ 1905ರಲ್ಲಿ ಹೋಗಿ ಸೇರಿದ್ದು ಮಿಡಲ್ಸ್‌ಬ್ರೊಗೆ. ಸಾವಿರ ಪೌಂಡಿನ ಸದ್ದು ಎಫ್‌ಎ ಗಮನವನ್ನು ಅಲ್ಲಿಗೂ ಎಳೆಯಿತು. ಲೆಕ್ಕಪತ್ರದಲ್ಲಿ ನಿಯಮಬಾಹಿರ ಬೋನಸ್‌ಗಳು ಕಂಡವು. 12 ನಿರ್ದೇಶಕರಲ್ಲಿ 11 ಮಂದಿಯನ್ನು 1908ರ ಜನವರಿಯವರೆಗೆ ದೂರವಿಟ್ಟರು. ಗಮನಿಸಬೇಕಾದದ್ದು: ವರ್ಗಾವಣೆಗೆ ಕೊಟ್ಟ ಸಾವಿರ ಪೌಂಡ್ ಪೂರ್ತಿ ಕ್ರಮಬದ್ಧ. ತಪ್ಪೆಂದು ಎಣಿಸಿದ್ದು ಆಟಗಾರರ ಕೈಗೆ ಹೋದ ಸಣ್ಣ ಮೊತ್ತಗಳನ್ನು.

ಆಟಗಾರರು ಸಂಘ ಕಟ್ಟಲಿಲ್ವಾ?

ಕಟ್ಟಿದರು. 1907ರ ಡಿಸೆಂಬರ್‌ನಲ್ಲಿ ಮ್ಯಾಂಚೆಸ್ಟರ್‌ನ ಇಂಪೀರಿಯಲ್ ಹೋಟೆಲ್‌ನಲ್ಲಿ. ಮ್ಯಾಂಚೆಸ್ಟರ್ ಯುನೈಟೆಡ್ ಆಟಗಾರರಾದ ಬಿಲ್ಲಿ ಮೆರೆಡಿತ್, ಚಾರ್ಲಿ ರಾಬರ್ಟ್ಸ್ ಮುಂದಾಳುಗಳು. 1909ರಲ್ಲಿ ಎಫ್‌ಎ ಮಾನ್ಯತೆ ಕಿತ್ತುಕೊಂಡು, ಸಂಘ ಬಿಡದವರ ನೋಂದಣಿ ರದ್ದು ಮಾಡುವುದಾಗಿ ಬೆದರಿಸಿತು. ಮ್ಯಾಂಚೆಸ್ಟರ್ ಯುನೈಟೆಡ್ ಆಟಗಾರರು ಬಗ್ಗಲಿಲ್ಲ. ಋತು ಶುರುವಾಗುವ ಮುನ್ನಾದಿನ ರಾಜಿಯಾಯಿತು. 1910ರಿಂದ ದೀರ್ಘಕಾಲ ದುಡಿದವರಿಗೆ ಹಂತ ಹಂತವಾಗಿ 5 ಪೌಂಡ್‌ವರೆಗೆ ಅವಕಾಶ ಸಿಕ್ಕಿತು. ನೋಂದಣಿ ಪದ್ಧತಿ ಮಾತ್ರ ಅಲುಗಲಿಲ್ಲ.

ಕಾಲು ಮುರಿದುಕೊಂಡರೆ ಗತಿ ಏನು?

ಪಂದ್ಯದ ನಡುವೆ ಗಾಯವಾದರೆ ಬದಲಿ ಆಟಗಾರನಿಗೆ ಅವಕಾಶವೇ ಇಲ್ಲ. ಕುಂಟಿಕೊಂಡು ವಿಂಗ್‌ನಲ್ಲಿ ನಿಲ್ಲಬೇಕು, ಇಲ್ಲವೇ ತಂಡ ಹತ್ತು ಜನರಲ್ಲಿ ಆಡಬೇಕು. ಗಾಯ ಹೀಗೆ ಉಲ್ಬಣಿಸುತ್ತಿದ್ದದ್ದೇ ಹೆಚ್ಚು. ಆಮೇಲಿನ ಪರಿಹಾರಕ್ಕೆ ಆಸರೆಯಾದದ್ದು 1906ರ ಕಾರ್ಮಿಕ ಪರಿಹಾರ ಕಾಯಿದೆ: ವಾರದ ಗಳಿಕೆಯ ಅರ್ಧ, ಆದರೆ ಗರಿಷ್ಠ 1 ಪೌಂಡ್. ಫುಟ್‌ಬಾಲ್ ಆಟಗಾರ ಈ ಕಾಯಿದೆಯ ಅರ್ಥದಲ್ಲಿ ಕಾರ್ಮಿಕನೇ ಎಂಬ ಪ್ರಶ್ನೆಗೆ ಹೌದೆಂದು ಉತ್ತರ ಬಂದದ್ದು ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್‌ನ ಆಟಗಾರನೊಬ್ಬನ ಮೊಕದ್ದಮೆಯಲ್ಲಿ, 1909ರಲ್ಲಿ. 4 ಪೌಂಡ್ ಗಳಿಸುತ್ತಿದ್ದವನಿಗೆ 1 ಪೌಂಡ್ ಅಂದರೆ ಕಾಲು ಭಾಗ.

ಆಟ ಬಿಟ್ಟ ಮೇಲೆ ಕಾಮನ್ ಏನು ಮಾಡಿದರು?

ಡಾರ್ಲಿಂಗ್ಟನ್‌ನಲ್ಲಿ ಪಬ್ ನಡೆಸಿದರು, 1943ರವರೆಗೆ. 1946ರ ಏಪ್ರಿಲ್ 3ರಂದು ಅದೇ ಊರಿನಲ್ಲಿ ತೀರಿಕೊಂಡರು, ವಯಸ್ಸು 65. ನಿವೃತ್ತ ಆಟಗಾರರಲ್ಲಿ ಪಬ್ ಹಿಡಿದವರು ಬಹಳ. ಊರಿಗೆಲ್ಲ ಗೊತ್ತಿರುವ ಹೆಸರೊಂದೇ ಅವರು ಆಟದಿಂದ ಹೊರಗೆ ಒಯ್ಯಬಹುದಾಗಿದ್ದ ಆಸ್ತಿ.

## ಚೆಂಡು, ಬೂಟು, ನಿಯಮ

ಆ ಕಾಲದ ಚೆಂಡು ಕಲ್ಲಿನಷ್ಟು ಭಾರ ಇತ್ತಂತೆ, ಹೌದಾ?

ಒಣಗಿದ್ದಾಗ ಇಲ್ಲ. ನಿಯಮದ ತೂಕ 13ರಿಂದ 15 ಔನ್ಸ್, ಅಂದರೆ 368ರಿಂದ 425 ಗ್ರಾಂ. ಈಗಿನದು 410ರಿಂದ 450 ಗ್ರಾಂ, ಹಳೆಯದೇ ಹಗುರ. ಸುತ್ತಳತೆ ಆಗಲೂ ಈಗಲೂ 27–28 ಅಂಗುಲದ ಆಸುಪಾಸು. ಆದರೆ ಆ ತೂಕ ಪಂದ್ಯ ಶುರುವಾಗುವಾಗಿನದು. ಒಳಗೆ ಗಾಳಿ ತುಂಬುವ ರಬ್ಬರ್ ಚೀಲ (ಬ್ಲಾಡರ್), ಹೊರಗೆ ಹೊಲಿದ ಚರ್ಮ, ಬಾಯಿ ಕಟ್ಟಲು ಚರ್ಮದ ಲೇಸು. ಚರ್ಮಕ್ಕೆ ನೀರು ತಡೆಯುವ ಲೇಪನವಿಲ್ಲ. ಮಳೆಯಲ್ಲಿ ಅದು ನೀರು ಹೀರುತ್ತ, ಕೆಸರು ಮೆತ್ತಿಕೊಳ್ಳುತ್ತ ಹೋಗುತ್ತದೆ, ಹೊಲಿಗೆ ಹಿಗ್ಗಿ ಆಕಾರ ಕೆಡುತ್ತದೆ. ಲೇಸಿನ ಕಡೆಗೆ ತಲೆ ಕೊಟ್ಟರೆ ಹಣೆ ಸೀಳುವುದೂ ಉಂಟು.

ಬೂಟು ಹರಡಿನ ಮೇಲಕ್ಕೆ ಬರುವ ದಪ್ಪ ಚರ್ಮದ್ದು, ಮೂತಿ ಗಟ್ಟಿ. ಅಡಿಯಲ್ಲಿ ಜಾರದಂತೆ ಚರ್ಮದ ಗುಬಟು (ಸ್ಟಡ್) ಅಥವಾ ಅಡ್ಡಪಟ್ಟಿ, ಅರ್ಧ ಅಂಗುಲ ಮೀರಬಾರದು. ಹೊಡೆದ ಮೊಳೆಯ ತಲೆ ಚರ್ಮದ ಮಟ್ಟಕ್ಕೆ ಕೂರಬೇಕು. ಚರ್ಮ ಸವೆದಂತೆ ಮೊಳೆ ಹೊರಬರುತ್ತದೆ, ಎದುರಾಳಿಯ ಮೀನಖಂಡ ಕೀಳುತ್ತದೆ. ರೆಫರಿ ಅಡಿ ತೋರಿಸಿ ಎನ್ನುತ್ತಿದ್ದದ್ದು ಇದಕ್ಕೇ.

ಆಫ್‌ಸೈಡ್ ನಿಯಮ ಈಗಿನದೇ ಇತ್ತಾ?

ಇಲ್ಲ. ಚೆಂಡು ಒದೆಯುವ ಕ್ಷಣಕ್ಕೆ ಫಾರ್ವರ್ಡ್‌ಗೂ ಗೋಲು ಗೆರೆಗೂ ನಡುವೆ ಮೂವರು ಎದುರಾಳಿಗಳಿರಬೇಕಿತ್ತು. ಮೂರು ಎರಡಾದದ್ದು 1925ರಲ್ಲಿ. 1907ರವರೆಗೆ ಸ್ವಂತ ಅರ್ಧದಲ್ಲಿ ನಿಂತವನೂ ಆಫ್‌ಸೈಡ್ ಆಗಬಹುದಿತ್ತು. ಹಾಗಾಗಿ ಇಬ್ಬರು ಬ್ಯಾಕ್‌ಗಳಲ್ಲಿ ಒಬ್ಬ ಮುಂದೆ ಸರಿದರೆ ಸಾಕು, ಇಡೀ ದಾಳಿ ಸತ್ತುಹೋಗುತ್ತಿತ್ತು. ಅಂಥ ನಿಯಮದಡಿ ಹೊಡೆದ 58 ಲೀಗ್ ಗೋಲನ್ನು ಇಂದಿನ ಅಂಕಿಯ ಪಕ್ಕದಲ್ಲಿ ಇಟ್ಟು ಅಳೆಯಬಾರದು.

## ಹುಡುಕಾಟಕ್ಕೆ ಇಳಿದವರಿಗೆ

ಒಂದೊಂದು ಕಡೆ ಒಂದೊಂದು ಗೋಲಿನ ಲೆಕ್ಕ ಇದೆ. ಯಾವುದನ್ನು ನಂಬೋದು?

ವ್ಯತ್ಯಾಸಕ್ಕೆ ಸಾಮಾನ್ಯ ಕಾರಣ ಲೀಗ್ ಮತ್ತು ಕಪ್ ಪಂದ್ಯಗಳನ್ನು ಕೂಡಿಸಿರುವುದು. ಮೊದಲು ಆ ಎರಡನ್ನು ಬೇರ್ಪಡಿಸಿ. ಎರಡನೆಯದು 1904–05: ಆ ಒಂದೇ ಋತು ಎರಡು ಕ್ಲಬ್‌ಗೆ ಹಂಚಿಹೋಗಿದೆ, ಫೆಬ್ರುವರಿ ವರ್ಗಾವಣೆಯನ್ನು ಗೆರೆಯಾಗಿ ಇಟ್ಟುಕೊಂಡು ಪಂದ್ಯ ಪಂದ್ಯವಾಗಿ ಎಣಿಸಬೇಕು. ಸಂಡರ್‌ಲ್ಯಾಂಡ್‌ನ ಎರಡು ಅವಧಿಗಳನ್ನು ಒಂದಾಗಿ ಬರೆದಿರುವುದೂ ಸಿಗುತ್ತದೆ. ಮೂರನೆಯದು ಗೋಲು ಯಾರದೆಂಬ ತಕರಾರು. ಗೋಲಿನ ಬಾಯಲ್ಲಿ ನಾಲ್ಕೈದು ಜನ ನುಗ್ಗಿದಾಗ ಒಂದು ಪತ್ರಿಕೆ ಕಾಮನ್ ಎಂದರೆ ಇನ್ನೊಂದು ಬೇರೆ ಹೆಸರು ಕೊಡುತ್ತದೆ. ಒಂದೇ ಪಂದ್ಯಕ್ಕೆ ಎರಡೂ ಊರಿನ ಪತ್ರಿಕೆಗಳ ವರದಿ ಇಟ್ಟು ಹೋಲಿಸಿ. ಅಂಗಿಯ ಮೇಲೆ ಸಂಖ್ಯೆ ಇಲ್ಲದ ಕಾಲ ಅದು (ಲೀಗ್‌ನಲ್ಲಿ ಸಂಖ್ಯೆ ಕಡ್ಡಾಯವಾದದ್ದು 1939ರಲ್ಲಿ), ಹಾಗಾಗಿ ಅತಿಥಿ ತಂಡದ ಆಟಗಾರನನ್ನು ಅವನ ಊರಿನ ವರದಿಗಾರನೇ ಸರಿಯಾಗಿ ಗುರುತಿಸಿರುವ ಸಾಧ್ಯತೆ ಹೆಚ್ಚು.

ಡಿಜಿಟಲ್ ಪತ್ರಿಕಾ ಸಂಗ್ರಹಗಳಲ್ಲಿ ಬರೀ ಕಾಮನ್ ಎಂದು ಹುಡುಕಿದರೆ ಬ್ರಿಟಿಷ್ ಸಂಸತ್ತಿನ (ಅದರ ಕೆಳಮನೆಯ ಹೆಸರು ಹೌಸ್ ಆಫ್ ಕಾಮನ್ಸ್) ವರದಿಗಳೆಲ್ಲ ಬಂದು ಬೀಳುತ್ತವೆ. ಪಂದ್ಯದ ತಾರೀಕು ಮೊದಲು ಕಂಡುಕೊಂಡು, ಶನಿವಾರ ಸಂಜೆ ಮತ್ತು ಸೋಮವಾರದ ಸಂಚಿಕೆಗಳಿಗೆ ಮಿತಿ ಹಾಕಿ, ಎದುರಾಳಿ ಕ್ಲಬ್ ಹೆಸರು ಸೇರಿಸಿ ಹುಡುಕಿ.

ಹಳೆಯ ಕಪ್ಪು-ಬಿಳುಪು ಫೋಟೋ ಸಿಕ್ಕಿದೆ. ಯಾವ ಕ್ಲಬ್, ಯಾವ ವರ್ಷ ಅಂತ ಹೇಗೆ ಗೊತ್ತಾಗುತ್ತೆ?

ಕಾಮನ್ ವಿಷಯದಲ್ಲಿ ಇದು ವಿಶೇಷವಾಗಿ ತೊಡಕು. ಶೆಫೀಲ್ಡ್ ಯುನೈಟೆಡ್ ಮತ್ತು ಸಂಡರ್‌ಲ್ಯಾಂಡ್ ಎರಡರದ್ದೂ ಕೆಂಪು-ಬಿಳಿ ಉದ್ದಪಟ್ಟೆ. ಮಿಡಲ್ಸ್‌ಬ್ರೊ ಮತ್ತು ವುಲಿಚ್ ಆರ್ಸೆನಲ್ ಎರಡೂ ಕೆಂಪು. ಆರ್ಸೆನಲ್‌ಗೆ ಬಿಳಿ ತೋಳು ಬಂದದ್ದು 1933ರಲ್ಲಿ. ಅಂದಿನ ಫೋಟೋ ಫಲಕಗಳಿಗೆ ಕೆಂಪು ಬಣ್ಣ ಸರಿಯಾಗಿ ತಾಗುತ್ತಿರಲಿಲ್ಲ, ಕೆಂಪು ಬಹುತೇಕ ಕಪ್ಪಾಗಿಯೇ ಮೂಡುತ್ತದೆ. ಪ್ರೆಸ್ಟನ್ ಬಿಳಿ, ಆದರೆ ಇಂಗ್ಲೆಂಡ್ ತಂಡವೂ ಬಿಳಿ.

ಆದ್ದರಿಂದ ಅಂಗಿ ಬಿಟ್ಟು ಬೇರೆ ಗುರುತು ಹಿಡಿಯಿರಿ. ಗುಂಪಿನ ಫೋಟೋ ಆದರೆ ಗೋಲ್‌ಕೀಪರ್ ನೋಡಿ: 1909ರವರೆಗೆ ಅವನೂ ತಂಡದ ಅಂಗಿಯನ್ನೇ ತೊಡಬಹುದಿತ್ತು, ಆಮೇಲೆ ಬೇರೆ ಬಣ್ಣ ಕಡ್ಡಾಯ. ಪಟ್ಟೆಯಂಗಿಯ ಗುಂಪಿನಲ್ಲಿ ಬೃಹತ್ ಮೈಯ ಫೌಕ್ ಕೂತಿದ್ದರೆ ಅದು ಶೆಫೀಲ್ಡ್, 1901ರಿಂದ 1904ರ ನಡುವಿನದು. ಮೈದಾನದ ಫೋಟೋ ಆದರೆ ಗೆರೆ ನೋಡಿ: ಗೋಲಿನ ಮುಂದೆ ಎರಡು ಅರ್ಧವೃತ್ತ ಕೂಡಿದಂತಿದ್ದರೆ 1902ಕ್ಕೆ ಮೊದಲಿನದು, ಆಯತವಿದ್ದರೆ ನಂತರದ್ದು. ಆಯತದ ಅಂಚಿಗೆ ಕಮಾನು ಕಂಡರೆ 1937ರ ಈಚಿನ ಮೈದಾನ. ಆ ಫೋಟೋದಲ್ಲಿ ಆಡುತ್ತಿರುವವರು ಕಾಮನ್ ಆಗಿರಲು ಸಾಧ್ಯವಿಲ್ಲ.